ಗ್ಯಾಲಹರ್ ಮೇಲೆ ಅಷ್ಟೊಂದು ಪೆನಾಲ್ಟಿ ಯಾಕೆ?

ಪ್ರಶ್ನೆ: 1905ರಲ್ಲಿ ಬ್ರಿಟನ್ ಪ್ರವಾಸಕ್ಕೆ ಬಂದ ನ್ಯೂಜಿಲೆಂಡ್ ರಗ್ಬಿ ತಂಡದ ನಾಯಕ ಡೇವ್ ಗ್ಯಾಲಹರ್‌ನನ್ನು ಬ್ರಿಟಿಷ್ ಪತ್ರಿಕೆಗಳು ಮೋಸಗಾರ ಎಂದು ಜರೆದವು. ಅವನು ಆಡುತ್ತಿದ್ದ ‘ವಿಂಗ್ ಫಾರ್ವರ್ಡ್’ ಸ್ಥಾನದ ಆಟಗಾರ ಮಾಡುತ್ತಿದ್ದುದಾದರೂ ಏನು?

ಉತ್ತರ 1: ಸ್ಕ್ರಮ್ ಎಂದರೆ ಎರಡೂ ತಂಡಗಳ ಫಾರ್ವರ್ಡ್‌ಗಳು (ಮುಂಚೂಣಿ ಆಟಗಾರರು) ಬಾಗಿ, ಹೆಗಲು ಕೊಟ್ಟು ತಳ್ಳುತ್ತ ಚೆಂಡಿಗಾಗಿ ಸೆಣಸುವುದು. ಆಗ ಬ್ರಿಟಿಷರ ಸ್ಕ್ರಮ್‌ನಲ್ಲಿ 8 ಜನ. ನ್ಯೂಜಿಲೆಂಡ್‌ನದು ಮೂರು ಸಾಲಿನಲ್ಲಿ 2-3-2, ಏಳೇ ಜನ. ಹೊರಗುಳಿದ ಎಂಟನೆಯವನೇ ವಿಂಗ್ ಫಾರ್ವರ್ಡ್, ಅಂದರೆ ಗ್ಯಾಲಹರ್. ಚೆಂಡನ್ನು ಸ್ಕ್ರಮ್‌ಗೆ ಹಾಕುವವನು ಅವನು. ಹಾಕಿದ ಮೇಲೆ ಹಿಂದೆ ಸರಿಯದೆ ಪಕ್ಕದಲ್ಲೇ ನಿಲ್ಲುತ್ತಿದ್ದ. ಚೆಂಡು ಹಿಂದೆ ಬಂದಾಗ ಅದನ್ನು ಎತ್ತಿಕೊಳ್ಳುವ ತನ್ನ ಹಾಫ್‌ಬ್ಯಾಕ್‌ ಮೇಲೆ ಎರಗಲು ಬರುವ ಎದುರಾಳಿಗೆ ಇವನ ಮೈಯೇ ಗೋಡೆ. ರೆಫ್ರಿಗಳ ಕಣ್ಣಿಗೆ ಅದು ಅಡ್ಡಗಟ್ಟುವಿಕೆ, ಅದಕ್ಕೇ ಪೆನಾಲ್ಟಿ. ಮೋಸ ಅನ್ನುವುದು ಅತಿಯಾಯಿತು. ನಿಯಮದ ಅಂಚಿನಲ್ಲಿ ಆಡಿದ ಅಷ್ಟೇ. 1930ರ ದಶಕದ ಆರಂಭದಲ್ಲಿ ನಿಯಮ ಬದಲಾಗಿ ಈ ಸ್ಕ್ರಮ್ಮೇ ಹೋಯಿತು.

ಉತ್ತರ 2: ಈ ವಿಂಗ್ ಫಾರ್ವರ್ಡ್ ತಂತ್ರಕ್ಕೆ ಮದ್ದು ಅರೆದದ್ದು ವೇಲ್ಸ್. 1905ರ ಡಿಸೆಂಬರ್ 16ರಂದು ಕಾರ್ಡಿಫ್‌ನಲ್ಲಿ ಅವರೂ ಏಳೇ ಫಾರ್ವರ್ಡ್ ಇಟ್ಟು ಕ್ಲಿಫ್ ಪ್ರಿಚರ್ಡ್‌ನನ್ನು ಸ್ಕ್ರಮ್‌ನ ಹೊರಗೆ ಆಡಲು ಬಿಟ್ಟರು. ಬಲಕ್ಕೆ ಹೋಗುವಂತೆ ನಟಿಸಿ ಎಡಕ್ಕೆ ತಿರುಗಿಸಿದರು, ವೇಲ್ಸ್‌ನ ಟೆಡ್ಡಿ ಮಾರ್ಗನ್ ಟ್ರೈ ಹೊಡೆದ (ಟ್ರೈ ಎಂದರೆ ಎದುರಾಳಿಯ ಗೋಲು ಗೆರೆಯಲ್ಲಿ ಅಥವಾ ಅದರಾಚೆ ಚೆಂಡನ್ನು ನೆಲಕ್ಕೆ ಒತ್ತುವುದು). ಟ್ರೈಗೆ ಆಗ 3 ಅಂಕ, ಫಲಿತಾಂಶ 3-0. ನ್ಯೂಜಿಲೆಂಡ್‌ನ ಬಾಬ್ ಡೀನ್ಸ್ ಟ್ರೈಗಾಗಿ ಆ ಗೆರೆ ಮುಟ್ಟಿದನೋ ಇಲ್ಲವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಪ್ರವಾಸದ 35 ಪಂದ್ಯಗಳಲ್ಲಿ ನ್ಯೂಜಿಲೆಂಡ್ ಸೋತದ್ದು ಇದೊಂದೇ.

ಉತ್ತರ 3: ಅಂಕಿಅಂಶ ಬೇಕಾದವರಿಗೆ: ಗ್ಯಾಲಹರ್ ಆಡಿದ ಟೆಸ್ಟ್ (ಅಂತರರಾಷ್ಟ್ರೀಯ ಪಂದ್ಯ) ಆರೇ. 1903ರಲ್ಲಿ ಆಸ್ಟ್ರೇಲಿಯಾ, 1904ರಲ್ಲಿ ಬ್ರಿಟಿಷ್ ತಂಡ, ಆಮೇಲೆ ಸ್ಕಾಟ್ಲೆಂಡ್, ಇಂಗ್ಲೆಂಡ್, ವೇಲ್ಸ್, ಫ್ರಾನ್ಸ್. ಗಾಯದಿಂದಾಗಿ ಐರ್ಲೆಂಡ್ ಪಂದ್ಯ ತಪ್ಪಿತು, ಅವನು ಹುಟ್ಟಿದ್ದೇ ಅಲ್ಲಿನ ರಮೆಲ್ಟನ್‌ನಲ್ಲಿ! 1917ರ ಅಕ್ಟೋಬರ್ 4ರಂದು ಮೊದಲ ಮಹಾಯುದ್ಧದ ಪ್ಯಾಶನ್‌ಡೇಲ್ ಕದನದಲ್ಲಿ ಸತ್ತ.