ಮ್ಯಾನೇಜರ್ ಹುದ್ದೆ, ಗೃಹಸಾಲ ಮತ್ತು ಊರಿನಲ್ಲಿರುವ ತಂದೆತಾಯಿ: ಯಾವುದನ್ನು ಮೊದಲು ನಿರ್ಧರಿಸಬೇಕು?

ಪ್ರಶ್ನೆ (ವಿಜಯನಗರವಾಸಿ):

ಎಲ್ಲರಿಗೂ ನಮಸ್ಕಾರ. ನನಗೆ 35 ವರ್ಷ. ಹನ್ನೆರಡು ವರ್ಷಗಳಿಂದ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ವಿಜಯನಗರದಲ್ಲಿ ಬಾಡಿಗೆ ಮನೆ, ವೈಟ್‌ಫೀಲ್ಡ್‌ನಲ್ಲಿ ಕಚೇರಿ. 2023ರ ಅಕ್ಟೋಬರ್‌ನಲ್ಲಿ ಮೆಟ್ರೋ ನೇರಳೆ ಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ಪ್ರಯಾಣದ ಆಯಾಸ ಕಡಿಮೆಯಾಗಿದೆ. ಕೋಡ್ ಬರೆಯುವುದು, ಹಳೆಯ ವ್ಯವಸ್ಥೆಯೊಂದನ್ನು ಬಿಡಿಸಿ ಅರ್ಥಮಾಡಿಕೊಳ್ಳುವುದು ಇಂದಿಗೂ ನನಗೆ ಸಂತೋಷ ಕೊಡುತ್ತದೆ.

ಈಗ ನನ್ನ ಮುಂದೆ ಮ್ಯಾನೇಜರ್ ಹುದ್ದೆಯ ಪ್ರಸ್ತಾಪವಿದೆ. ಒಪ್ಪಿದರೆ ಕೈಗೆ ಬರುವ ಸಂಬಳ 1.6 ಲಕ್ಷದಿಂದ 1.9 ಲಕ್ಷಕ್ಕೆ ಏರುತ್ತದೆ. ಇದೇ ಹೊತ್ತಿಗೆ ಒಂದು ಫ್ಲ್ಯಾಟ್ ನೋಡಿದ್ದೇವೆ. ಅದಕ್ಕೆ 80 ಲಕ್ಷ ಸಾಲ ಬೇಕು. 20 ವರ್ಷಕ್ಕೆ ಶೇ 8.5ರ ಬಡ್ಡಿಯಲ್ಲಿ ತಿಂಗಳ ಕಂತು ಸುಮಾರು 69,400 ರೂಪಾಯಿ. ತೀರ್ಥಹಳ್ಳಿಯ ಬಳಿ ಎರಡು ಎಕರೆ ಅಡಿಕೆ ತೋಟ ನೋಡಿಕೊಂಡಿರುವ ತಂದೆಗೆ 68 ವರ್ಷ, ಸಕ್ಕರೆ ಕಾಯಿಲೆಯಿದೆ. ಮಗಳಿಗೆ ನಾಲ್ಕು ವರ್ಷ. ಉಳಿತಾಯದಲ್ಲಿ ಪಿಎಫ್, ಸ್ವಲ್ಪ ಇಂಡೆಕ್ಸ್ ಫಂಡ್, ಮಿಕ್ಕ ಅರ್ಧದಷ್ಟು ನಮ್ಮ ಕಂಪನಿಯೇ ಕೊಟ್ಟ ಷೇರುಗಳು. ಹುದ್ದೆಯನ್ನು ಒಪ್ಪಿಕೊಳ್ಳಬೇಕೆ? ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ (ಹಳೆಯ ಮ್ಯಾನೇಜರ್):

ನಾನು ಮೂರು ವರ್ಷ ಮ್ಯಾನೇಜರ್ ಆಗಿದ್ದು, ಮತ್ತೆ ಎಂಜಿನಿಯರ್ ಕೆಲಸಕ್ಕೆ ಮರಳಿದವನು. ಆ ಕೆಲಸ ಕೀಳಲ್ಲ. ಕಿರಿಯರೊಬ್ಬರು ಕಣ್ಣೆದುರೇ ಬೆಳೆಯುವುದನ್ನು ನೋಡುವುದು ದೊಡ್ಡ ತೃಪ್ತಿ. ಆದರೆ ಅಲ್ಲಿ ದಿನದ ಕೊನೆಗೆ ‘ಇದು ನಾನು ಮಾಡಿದ್ದು’ ಎಂದು ತೋರಿಸಲು ಏನೂ ಇರುವುದಿಲ್ಲ, ಫಲ ಕಾಣಲು ಆರು ತಿಂಗಳಾದರೂ ಬೇಕು, ಆ ಕಾಯುವಿಕೆ ನನಗೆ ಒಗ್ಗಲಿಲ್ಲ. ಹಿಂದಿರುಗುವಾಗ ಸಂದರ್ಶನದ ತಯಾರಿಗೇ ನಾಲ್ಕು ತಿಂಗಳು ಹಿಡಿಯಿತು.

ಒಪ್ಪುವ ಮೊದಲು ಕಂಪನಿಯಲ್ಲಿ ಎರಡು ವಿಷಯ ಕೇಳಿ ತಿಳಿದುಕೊಳ್ಳಿ. ಮ್ಯಾನೇಜರ್ ಆಗದೆಯೂ ಮೇಲೇರುವ ಸ್ಟಾಫ್ ಎಂಜಿನಿಯರ್, ಪ್ರಿನ್ಸಿಪಾಲ್ ಎಂಜಿನಿಯರ್ ಹುದ್ದೆಗಳು ಕಾಗದದ ಮೇಲೆ ಇರುವುದು ಬೇರೆ, ನಿಮ್ಮ ಬೆಂಗಳೂರು ಕಚೇರಿಯಲ್ಲಿ ಆ ಹುದ್ದೆಗಳಲ್ಲಿ ನಿಜವಾಗಿ ಎಷ್ಟು ಜನ ಇದ್ದಾರೆ ಎಂಬುದು ಬೇರೆ. ವಿನ್ಯಾಸದ ನಿರ್ಧಾರಗಳೆಲ್ಲ ಹೊರದೇಶದಲ್ಲೇ ಆಗುವ ಕಡೆ ಆ ದಾರಿ ಬೇಗ ಮುಗಿದುಹೋಗುತ್ತದೆ. ಎರಡನೆಯದು, ರಾತ್ರಿಯ ಮೀಟಿಂಗ್‌ಗಳು. ಕ್ಯಾಲಿಫೋರ್ನಿಯಾದ ಬೆಳಗಿನ 8 ಗಂಟೆ ಎಂದರೆ ಇಲ್ಲಿ ರಾತ್ರಿ 8.30, ನವೆಂಬರ್‌ನಲ್ಲಿ ಅವರ ಗಡಿಯಾರ ಬದಲಾದ ಮೇಲೆ 9.30. ನಾಲ್ಕು ವರ್ಷದ ಮಗು ಮಲಗುವ ಹೊತ್ತು ಅದೇ. ನನ್ನ ಮಗನ ಆ ಮೂರು ವರ್ಷದ ರಾತ್ರಿಗಳು ನನಗೆ ಸಿಗಲಿಲ್ಲ, ಈಗಲೂ ಅದನ್ನು ನೆನೆದು ಸಂಕಟಪಡುತ್ತೇನೆ.

ಉತ್ತರ (ಲೆಕ್ಕದ ಪುಸ್ತಕ):

ನೀವು ಹುದ್ದೆಯ ಬಗ್ಗೆ ಕೇಳಿದ್ದೀರಿ, ಆದರೆ ನಿಮ್ಮ ಬರಹ ಓದಿದರೆ ಹುದ್ದೆಯನ್ನು ಆರಿಸುತ್ತಿರುವುದು ನೀವಲ್ಲ, ಆ ಕಂತು ಎಂದು ನನಗೆ ತೋರುತ್ತದೆ. ಈಗಿನ ಸಂಬಳದಲ್ಲಿ 69,400 ಎಂದರೆ ಶೇ 43ಕ್ಕೂ ಹೆಚ್ಚು. ಮೊದಲ ತಿಂಗಳ ಕಂತಿನಲ್ಲಿ ಸುಮಾರು 56,700 ಬಡ್ಡಿಗೇ ಹೋಗಿ, ಅಸಲಿಗೆ ಸೇರುವುದು 12,700ರಷ್ಟು ಮಾತ್ರ. 20 ವರ್ಷ ಪೂರ್ತಿ ಕಟ್ಟಿದರೆ ಬಡ್ಡಿಯೇ 86 ಲಕ್ಷ ದಾಟುತ್ತದೆ. ಸಾಲವನ್ನು 50 ಲಕ್ಷಕ್ಕೆ ಇಳಿಸಿದರೆ ಕಂತು ಸುಮಾರು 43,400 ಆಗುತ್ತದೆ, ಆಗ ಮ್ಯಾನೇಜರ್ ಹುದ್ದೆಯನ್ನು ಬೇಡವೆನ್ನುವ ಸ್ವಾತಂತ್ರ್ಯ ನಿಮಗೆ ಉಳಿಯುತ್ತದೆ.

ಸಾಲ ಇಳಿಸಲು ಕಂಪನಿಯ ಷೇರುಗಳನ್ನು ಮಾರುವುದರಿಂದ ಆರಂಭಿಸಿ. ಅವು ನಿಮ್ಮ ಹೆಸರಿಗೆ ಬಂದ ದಿನದ ಬೆಲೆಯ ಮೇಲೆ ಸಂಬಳದಂತೆಯೇ ತೆರಿಗೆ ಆಗಲೇ ಕಡಿತವಾಗಿರುತ್ತದೆ; ಮಾರುವಾಗ ಅದರಿಂದೀಚೆಗಿನ ಲಾಭಕ್ಕೆ ಮಾತ್ರ ತೆರಿಗೆ. ಸಂಬಳ ಮತ್ತು ಉಳಿತಾಯ ಎರಡನ್ನೂ ಒಂದೇ ಗೂಟಕ್ಕೆ ಕಟ್ಟಬೇಡಿ, ಏಕೆಂದರೆ ಕಂಪನಿಗೆ ಕಷ್ಟ ಬಂದಾಗ ಕೆಲಸವೂ ಷೇರಿನ ಬೆಲೆಯೂ ಒಟ್ಟಿಗೇ ಅಲುಗುತ್ತವೆ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿಯನ್ನು ಏಕೆ ಹಬ್ಬಿಸುತ್ತಾರೆ ಎಂದು ನಿಮ್ಮ ತಂದೆಯವರನ್ನು ಕೇಳಿ. ಕೊಳೆರೋಗದಿಂದ ಅಡಿಕೆ ಕೈಕೊಟ್ಟ ವರ್ಷದ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮಾರಿದ ಹಣದಲ್ಲಿ ಆರು ತಿಂಗಳ ಖರ್ಚನ್ನು ಬ್ಯಾಂಕಿನಲ್ಲಿಟ್ಟು, ಮಿಕ್ಕಿದ್ದನ್ನು ಮನೆಯ ಮುಂಗಡಕ್ಕೆ ಸೇರಿಸಬಹುದು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. 2012ರಿಂದ ರಿಸರ್ವ್ ಬ್ಯಾಂಕಿನ ನಿಯಮವಿದೆ.

ಇನ್ನೊಂದು ಮಾತು. ತಂದೆತಾಯಿಯ ಆರೋಗ್ಯ ವಿಮೆ ಕಂಪನಿಯದ್ದೇ ಆಗಿದ್ದರೆ ಕೆಲಸ ಬಿಟ್ಟ ದಿನ ಅದೂ ನಿಲ್ಲಬಹುದು. ಅವರಿಗಾಗಿ ಬೇರೆ ಪಾಲಿಸಿಯನ್ನು ಈಗಲೇ ಮಾಡಿಸಿ. ಮೊದಲೇ ಇರುವ ಕಾಯಿಲೆಗಳಿಗೆ ವಿಮೆ ಅನ್ವಯಿಸಲು ಕಾಯುವ ಅವಧಿ ಹೆಚ್ಚೆಂದರೆ 3 ವರ್ಷ. ತಡಮಾಡಿದಷ್ಟೂ ಅದು ಮುಂದಕ್ಕೆ ಹೋಗುತ್ತದೆ. ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ.

ಉತ್ತರ (ಶಿರಸಿಯ ಮಗಳು):

ನನ್ನ ತಂದೆಯನ್ನು ಬೆಂಗಳೂರಿಗೆ ಕರೆತಂದಿದ್ದೆ. ಮೂರು ತಿಂಗಳು ಬಾಲ್ಕನಿಯಲ್ಲಿ ಕುಳಿತರು, ಆಮೇಲೆ ಊರಿಗೆ ಹೊರಟುಬಿಟ್ಟರು. ತೋಟವೇ ಅವರ ಆರೋಗ್ಯ ಎಂದು ನನಗೆ ತಡವಾಗಿ ಅರ್ಥವಾಯಿತು. ಈಗ ಕೊಯ್ಲಿನ ಸಮಯದಲ್ಲಿ ಎರಡು ವಾರ ಊರಿನಿಂದಲೇ ಕೆಲಸ ಮಾಡುತ್ತೇನೆ. ಆದ್ದರಿಂದ ಫ್ಲ್ಯಾಟಿನಲ್ಲಿ ಅವರಿಗೆಂದು ಮೂರನೆಯ ಕೋಣೆಯನ್ನು ಲೆಕ್ಕ ಹಾಕಿದ್ದರೆ, ಅವರು ಬರುತ್ತಾರೆಯೇ ಎಂದು ಮೊದಲು ಅವರನ್ನೇ ಕೇಳಿ.

ಪ್ರಶ್ನೆ ಕೇಳಿದವರು (ವಿಜಯನಗರವಾಸಿ):

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಮೂರನೆಯ ಕೋಣೆ ಅವರಿಗಾಗಿಯೇ ಇತ್ತು. ನಿನ್ನೆ ಫೋನಿನಲ್ಲಿ ಕೇಳಿದಾಗ ತಂದೆ, ‘ಹಬ್ಬಕ್ಕೆ ಬಂದು ಹೋಗುತ್ತೇವೆ ಮಗಾ, ಇರುವುದಕ್ಕೆ ಅಲ್ಲ’ ಎಂದರು. ನಾನೂ ಹೆಂಡತಿಯೂ ಈಗ ಎರಡು ಕೋಣೆಯ ಮನೆಗಳನ್ನು ನೋಡುತ್ತಿದ್ದೇವೆ. ನಮ್ಮ ಕಚೇರಿಯಲ್ಲಿ ಪ್ರಿನ್ಸಿಪಾಲ್ ಹುದ್ದೆಯಲ್ಲಿ ಇಬ್ಬರಿದ್ದಾರೆ; ಸೋಮವಾರ ಅವರಲ್ಲೊಬ್ಬರನ್ನು ಭೇಟಿಯಾಗುವವರೆಗೆ ಪ್ರಸ್ತಾಪಕ್ಕೆ ಉತ್ತರ ಕೊಡುವುದಿಲ್ಲ.