ಆರಂಭದ ಕಿಬ್ಬುತ್ಸ್‌ಗಳ ಡೈರಿ, ಕಾಗದಗಳನ್ನ ಎಷ್ಟು ನಂಬೋದು?

ಹಳೇಪೆಟ್ಟಿಗೆ:
ಎಲ್ರಿಗೂ ನಮಸ್ಕಾರ. ಆರಂಭದ ಕಿಬ್ಬುತ್ಸ್‌ಗಳ (ಪ್ಯಾಲೆಸ್ಟೈನ್‌ಗೆ ವಲಸೆ ಬಂದ ಯಹೂದಿಗಳು ಆಸ್ತಿ, ದುಡಿಮೆ ಎಲ್ಲಾ ಹಂಚ್ಕೊಂಡು ಒಟ್ಟಿಗೆ ಬಾಳ್ತಿದ್ದ ಕೃಷಿ ಹಳ್ಳಿಗಳು) ದಿನನಿತ್ಯದ ಬದುಕಿನ ಬಗ್ಗೆ ಪ್ರಬಂಧ ಬರೀತಿದೀನಿ, 1910ರಿಂದ 1930ರವರೆಗೆ ಅಂತ ಇಟ್ಕೊಂಡಿದೀನಿ. ಸಭೆಯ ನಡಾವಳಿ ಓದಿದ್ರೆ ಹಸು, ಸಾಲ, ಯಾರನ್ನ ಸದಸ್ಯರಾಗಿ ಸೇರಿಸ್ಕೋಬೇಕು ಇದೇ ಮಾತು. ಯಾರು ಯಾರ ಮೇಲೆ ಮುನಿಸ್ಕೊಂಡಿದ್ರು, ಮನೆ ಬಿಟ್ಟು ಅಷ್ಟು ದೂರ ಬಂದ ಹುಡುಗೀರು ರಾತ್ರಿ ಏನ್ ಯೋಚನೆ ಮಾಡ್ತಾ ಮಲಗ್ತಿದ್ರು ಅನ್ನೋದು ಬೇಕಂದ್ರೆ ಸ್ವಂತ ಡೈರಿ, ಕಾಗದ, ಫೋಟೋಗಳೇ ಗತಿ. ಆದ್ರೆ ಹಾಕ್ಕೊಳ್ಳೋ ಅಂಗೀನೂ ತನ್ನದಲ್ಲ ಅನ್ನೋ ಕಡೆ ಬರೆದ ಡೈರಿ ನಿಜವಾಗ್ಲೂ ಒಬ್ಬರ ಮನಸ್ಸಿನ ಮಾತಾ, ಇಲ್ಲ ಗುಂಪಿನ ಮಾತನ್ನೇ ಒಬ್ರು ಬರ್ಕೊಂಡಿರೋದಾ?

ತಾರೀಕುಮೇಷ್ಟ್ರು:
ಎರಡೂ ಇರುತ್ತೆ, ಯಾರಿಗೆ ಬರೆದಿದ್ದು ಅಂತ ಮೊದ್ಲು ನೋಡಿ. ಬಂದೋರಲ್ಲಿ ಹೆಚ್ಚಿನವರು ಮನೇಲಿ ಯಿದ್ದಿಶ್ (ಪೂರ್ವ ಯುರೋಪಿನ ಯಹೂದಿಗಳ ಮನೆಮಾತು), ರಷ್ಯನ್, ಪೋಲಿಶ್ ಆಡ್ತಿದ್ದೋರು, ಹೀಬ್ರೂನ ಹಟ ಹಿಡಿದು ದಿನದ ಮಾತಾಗಿ ಮಾಡ್ಕೊಂಡೋರು. ಹಾಗಾಗಿ ಹೀಬ್ರೂನಲ್ಲಿ ಬರೆದಿದ್ದನ್ನ ಪಕ್ಕದ ಹಾಸಿಗೆಯವರೂ ಓದ್ಬಹುದು ಅನ್ನೋ ಎಚ್ಚರ ಇದ್ದೇ ಇರುತ್ತೆ, ಅಮ್ಮಂಗೆ ಯಿದ್ದಿಶ್‌ನಲ್ಲಿ ಬರೆದ ಕಾಗದದಲ್ಲಿ ಮಲೇರಿಯಾ ಮುಚ್ಚಿಟ್ಟು ಚೆನ್ನಾಗಿದೀನಿ ಅಂತ ಬರೆದಿರ್ತಾರೆ, ಎರಡನ್ನೂ ಪಕ್ಕಪಕ್ಕ ಇಟ್ಕೊಂಡೇ ಓದ್ಬೇಕು. ಗಲಿಲೀ ಸರೋವರದ ಹತ್ತಿರದ ಬಿಡಾರ ಬಿತಾನಿಯಾ ಇಲಿತ್‌ನಲ್ಲಿದ್ದ ಹಶೋಮೆರ್ ಹತ್ಸಾಯಿರ್ ಅನ್ನೋ ಯಹೂದಿ ಯುವ ಚಳವಳಿಯ ಯುವಕರ ಬರಹಗಳು 'ಕೆಹಿಲಿಯತೇನು' (ನಮ್ಮ ಸಮುದಾಯ) ಅಂತ 1922ರಲ್ಲಿ ಪುಸ್ತಕ ಆಗಿ ಬಂತಲ್ಲ, ಅದು ತಪ್ಪೊಪ್ಪಿಗೆ ಥರಾನೇ ಕಾಣುತ್ತೆ ಆದ್ರೆ ಆರಿಸಿ ಅಚ್ಚು ಹಾಕಿದ್ದು ಅನ್ನೋದು ಮರೀಬೇಡಿ.

ಇನ್ನೊಂದು, ತಾರೀಕು. ಎಲ್ಲಕ್ಕಿಂತ ಮೊದಲ ಕಿಬ್ಬುತ್ಸ್ ಆದ ದೆಗಾನಿಯಾದ ಮೊದಲ ಗುಂಪು, ಹತ್ತು ಗಂಡಸರು ಇಬ್ಬರು ಹೆಂಗಸರು, ಉಮ್ ಜುನಿ ಅನ್ನೋ ಜಾಗಕ್ಕೆ ಬಂದಿದ್ದು ಹೀಬ್ರೂ ಕ್ಯಾಲೆಂಡರಿನ ತಿಷ್ರಿ ತಿಂಗಳ 25, 5671, ಅಂದ್ರೆ 1910ರ ಅಕ್ಟೋಬರ್ 28. ಹೀಬ್ರೂ ವರ್ಷ ಶುರುವಾಗೋದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ತಿಂಗಳು ಹಾಕದೆ ಬರೀ 5671 ಅಂತಿದ್ರೆ 1910ಊ ಆಗ್ಬಹುದು 1911ಊ ಆಗ್ಬಹುದು. ನಾನೇ ಒಂದು ಸಲ ಒಂದು ವರ್ಷ ಹಿಂದೆಮುಂದೆ ಮಾಡಿ ಇಡೀ ಅಧ್ಯಾಯ ತಿದ್ದಿದೀನಿ.

ತೋಟದಕೆಲಸ:
ನಾನು 90ರ ದಶಕದಲ್ಲಿ ಇಸ್ರೇಲಿನ ಜೆಜ್ರೀಲ್ ಕಣಿವೆಯ ಒಂದು ಕಿಬ್ಬುತ್ಸ್‌ನಲ್ಲಿ ವಾಲಂಟಿಯರ್ ಆಗಿದ್ದೆ, ತೋಟದಲ್ಲಿ ಬೆನ್ನು ಹಿಡ್ಕೊಂಡಿದ್ದಕ್ಕೆ ಆರ್ಕೈವ್ ಕೋಣೇಲಿ ಡಬ್ಬ ಜೋಡಿಸೋಕೆ ಹಾಕಿದ್ರು. ಅಂಗಿ ಮಾತು ಬಂತಲ್ಲ, ಶುರುವಿನ ವರ್ಷಗಳಲ್ಲಿ ಬಟ್ಟೆಯೆಲ್ಲ ಒಂದೇ ಉಗ್ರಾಣ, ಒಗೆದು ಬಂದ ಮೇಲೆ ಅಳತೆ ನೋಡಿ ಯಾವುದೋ ಒಂದು ಕೊಡೋರು, ಬಟ್ಟೆಗೆ ಹೆಸರು ಗುರುತು ಹಾಕಿ ಅವರವರಿಗೇ ವಾಪಸ್ ಕೊಡೋದು ಆಮೇಲೆ ಬಂತು. ಈ ಎರಡು ಪದ್ಧತಿಗೂ ಬೇರೆಬೇರೆ ಹೆಸರೇ ಇತ್ತು, ಮೊದಲನೇದು ಕೊಮುನಾ ಆಲೆಫ್, ಆಮೇಲಿಂದು ಕೊಮುನಾ ಬೆತ್ ಅಂತ (ಆಲೆಫ್, ಬೆತ್ ಹೀಬ್ರೂನ ಮೊದಲೆರಡು ಅಕ್ಷರ).

ನೀವು ಕೇಳಿದ್ದಕ್ಕೆ ನಾನು ಕಣ್ಣಾರೆ ನೋಡಿದ ಒಂದು ಹಾಳೆ ಹೇಳ್ತೀನಿ. ಊಟದ ಹಾಲ್‌ನಲ್ಲಿ ದಿನಾ ಹಾಕ್ತಿದ್ದ ಕೆಲಸದ ಪಟ್ಟಿ, ಸಿದೂರ್ ಅವೊದಾ ಅಂತಾರೆ, ಮಾರನೇ ದಿನ ಕಸಕ್ಕೆ ಹೋಗೋದು. ಇದು ಉಳಿದಿದ್ದು ಯಾಕಂದ್ರೆ ಹಿಂದುಗಡೆ ಯಾರೋ ಕಾಗದ ಬರೆಯೋಕೆ ಶುರು ಮಾಡಿದ್ರು. ಮುಂದುಗಡೆ ಕೊಟ್ಟಿಗೆ, ಅಡುಗೆಮನೆ, ಬಟ್ಟೆ ಒಗೆಯೋದು, ಕಾವಲು, ಕೊನೇಲಿ 'ಕಾಯಿಲೆ' ಅಂತ ಒಂದು ಸಾಲು, ಎಲ್ಲಕ್ಕಿಂತ ಹೆಚ್ಚು ಹೆಸರು ಅದ್ರಲ್ಲೇ ಇತ್ತು. ನನಗೆ ಆ ಒಂದು ಸಾಲು ಇಡೀ ನಡಾವಳಿ ಪುಸ್ತಕಕ್ಕಿಂತ ಜಾಸ್ತಿ ಹೇಳ್ತು.

ಬೇಜಾರು ಅಂದ್ರೆ ಅಲ್ಲೇ ಒಬ್ಬ ಅಜ್ಜಿ ತೀರ್ಕೊಂಡಾಗ ಕೋಣೆ ಬೇರೆಯವರಿಗೆ ಬೇಕು ಅಂತ ಒಂದೇ ವಾರದಲ್ಲಿ ಖಾಲಿ ಮಾಡಿದ್ರು, ನೋಟ್‌ಬುಕ್ಕು ಫೋಟೋ ಎಲ್ಲಾ ಹಾಸಿಗೆ ಜೊತೆ ಹೊರಗೆ ಬಿತ್ತು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಹಳೇಪೆಟ್ಟಿಗೆ:
ಅಯ್ಯೋ. ಆ ಹಾಳೆ ಹಿಂದುಗಡೆ ಏನಿತ್ತು, ನೆನಪಿದ್ರೆ ಹೇಳಿ ಪ್ಲೀಸ್.

ತೋಟದಕೆಲಸ:
ಯಿದ್ದಿಶ್‌ನಲ್ಲಿತ್ತು, ಆರ್ಕೈವ್ ನೋಡ್ಕೊಳ್ತಿದ್ದೋರು ಓದಿ ಹೇಳಿದ್ರು. ಅಕ್ಕಂಗೆ ಬರೆದಿದ್ದು, ಆರೇಳು ಸಾಲು ಅಷ್ಟೇ. ಮಳೆ ಶುರುವಾಗಿದೆ, ಬೂಟು ಕಳ್ಸು ಅಂತ ಬರೆದು, ಆ ಸಾಲನ್ನ ಪೆನ್ಸಿಲ್ ಒತ್ತಿ ಒತ್ತಿ ಹೊಡೆದು ಹಾಕಿದ್ಳು. ಬೂಟು ಬಂದ್ರೂ ಉಗ್ರಾಣಕ್ಕೇ ಹೋಗೋದಲ್ವಾ ಅಂದ್ರು ಅವರು. ಅದರ ಕೆಳಗೆ ಬೇರೇನೂ ಬರೆದಿರಲಿಲ್ಲ.