ಕಡಿಮೆ ಖರ್ಚಿನಲ್ಲಿ ವೆಲ್ಡಿಂಗ್, ಫಿಟ್ಟರ್ ಕಲಿಯಲು ಯಾವ ಕಡೆ ಸೇರಿಸಬೇಕು? – ಪ್ರಶ್ನೋತ್ತರ

ಪ್ರಶ್ನೆ (ಹಾವೇರಿ ಜಿಲ್ಲೆಯಿಂದ): ಸರ್, ನಮಸ್ಕಾರ. ನನ್ನ ತಮ್ಮನಿಗೆ 16 ವರ್ಷ. ಈ ಸಲ ಎಸ್ಸೆಸ್ಸೆಲ್ಸಿ ಪಾಸಾದ, 54 ಪರ್ಸೆಂಟ್. ಪಿಯುಸಿ ಬೇಡವೇ ಬೇಡ ಅಂತ ಹಟ. ರಜೆಯಲ್ಲಿ ಊರಿನ ಗ್ರಿಲ್ ಅಂಗಡಿಗೆ ಹೋಗಿ ಹೋಗಿ ವೆಲ್ಡಿಂಗ್ ಹುಚ್ಚು ಹಿಡಿದಿದೆ. ಅಪ್ಪ ಇಲ್ಲ. ಅವ್ವ ಕೂಲಿಗೆ ಹೋಗುತ್ತಾಳೆ, ನಾನು ಗಾರ್ಮೆಂಟ್ಸ್‌ನಲ್ಲಿ ಇದ್ದೇನೆ. ಕೂಡಿಟ್ಟಿರುವುದು 30 ಸಾವಿರ. ಮೊನ್ನೆ ಒಂದು ಖಾಸಗಿ ಸಂಸ್ಥೆಯವರು ಮನೆಗೇ ಬಂದಿದ್ದರು. 6 ತಿಂಗಳ ವೆಲ್ಡಿಂಗ್ ಕೋರ್ಸ್, 85 ಸಾವಿರ, ಕೆಲಸ ಗ್ಯಾರಂಟಿ, ಬಾಕಿ ಹಣ ಕಂತಿನಲ್ಲಿ ಕಟ್ಟಿ ಅಂದರು. ಸೋಮವಾರದೊಳಗೆ 10 ಸಾವಿರ ಅಡ್ವಾನ್ಸ್ ಕೊಡಬೇಕಂತೆ. ಕಟ್ಟಲಾ?

ಉತ್ತರ: ಕಟ್ಟಬೇಡಿ ತಂಗಿ. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ನಾನು 11 ವರ್ಷ ಐಟಿಐಯಲ್ಲಿ ಪಾಠ ಮಾಡಿದವನು. ಈಗ ಸ್ವಂತ ಫ್ಯಾಬ್ರಿಕೇಶನ್ ಶೆಡ್ ಇದೆ. ಕೆಲಸ ಕೇಳಿಕೊಂಡು ಬರುವ ಹುಡುಗರನ್ನು ನೋಡುತ್ತಲೇ ಇರುತ್ತೇನೆ. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಬಂದ. ಲ್ಯಾಮಿನೇಟ್ ಮಾಡಿಸಿದ ಸರ್ಟಿಫಿಕೇಟ್, ಬಣ್ಣದ ಮುದ್ರೆ ಎಲ್ಲ ಇತ್ತು. 6 ಎಂಎಂ ದಪ್ಪದ ಎರಡು ಪ್ಲೇಟ್ ಕೊಟ್ಟು ಟಿ ಜಾಯಿಂಟ್ ಮಾಡಪ್ಪ ಅಂದೆ. ವೆಲ್ಡಿಂಗ್ ರಾಡ್ ತಾಗಿಸಿದ, ಅಂಟಿಕೊಂಡಿತು. ಕಿತ್ತ, ಮತ್ತೆ ತಾಗಿಸಿದ, ಮತ್ತೆ ಅಂಟಿತು. ನಾಲ್ಕನೇ ಸಲ ಹೋಲ್ಡರ್ ಕೆಳಗಿಟ್ಟು ಸುಮ್ನೆ ನಿಂತುಬಿಟ್ಟ. ಕೇಳಿದಾಗ ಗೊತ್ತಾಯಿತು. ಅವನು ಸೇರಿದ್ದ ಕಡೆ ದಿನಕ್ಕೆ ಒಬ್ಬರಿಗೆ ಎರಡು ರಾಡ್. ಅದೂ ಎಲ್ಲ ದಿನ ಇಲ್ಲ. ಅವನಪ್ಪ ಅದಕ್ಕೆ 70 ಸಾವಿರ ಕೊಟ್ಟಿದ್ದರು, ಒಂದು ಎಮ್ಮೆ ಮಾರಿ.

ಇಲ್ಲೇ ಒಂದು ಲೆಕ್ಕ ಹಾಕಿ ನೋಡಿ. 3.15 ಎಂಎಂ ರಾಡ್ ಒಂದು ಉರಿದು ಮುಗಿಯಲು ಹೆಚ್ಚುಕಡಿಮೆ ಒಂದೂಕಾಲು ನಿಮಿಷ ಸಾಕು. ಎರಡು ರಾಡ್ ಅಂದರೆ ಎರಡೂವರೆ ನಿಮಿಷ. ಇಡೀ ವರ್ಷ 200 ದಿನ ತಪ್ಪದೆ ಕೊಟ್ಟರೂ 500 ನಿಮಿಷ. ವರ್ಷ ಪೂರ್ತಿ ಸೇರಿ ಎಂಟೂ ಚಿಲ್ಲರೆ ಗಂಟೆ ಬೆಂಕಿ ಕಂಡ ಕೈ ಅದು. ಆ ಕೈಗೆ ಯಾರು ಕೆಲಸ ಕೊಡುತ್ತಾರೆ?

ಲೋಹದ ಕೆಲಸ ಕಲಿಸುವುದರಲ್ಲಿ ನಿಜವಾದ ಖರ್ಚು ಇರುವುದು ರಾಡ್, ಪ್ಲೇಟ್, ಗ್ಯಾಸ್, ಆಕ್ಸಾ ಬ್ಲೇಡ್, ಕರೆಂಟ್‌ನಲ್ಲಿ. ಆದ್ದರಿಂದ ಫೀಸ್ ಎಷ್ಟು ಅಂತ ಕೇಳುವ ಮೊದಲು, ಹುಡುಗನ ಕೈಗೆ ಎಷ್ಟು ಸಾಮಾನು ಸಿಗುತ್ತದೆ ಅಂತ ಕೇಳಿ.

ನಿಮ್ಮ ತಮ್ಮನಿಗೆ ಸರ್ಕಾರಿ ಐಟಿಐ ಸರಿ. ಫೀಸ್ ತುಂಬಾ ಕಡಿಮೆ, ನಿಮ್ಮ 30 ಸಾವಿರದಲ್ಲಿ ಹೆಚ್ಚಿನದು ಬಸ್ಸು, ಊಟ, ಬಟ್ಟೆಗೇ ಉಳಿಯುತ್ತದೆ. ಅರ್ಜಿ ಆನ್‌ಲೈನ್‌ನಲ್ಲಿ, ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ ಮೂಲಕ. ಸೀಟು ಹತ್ತನೇ ತರಗತಿ ಅಂಕ ಮತ್ತು ಮೀಸಲಾತಿ ನೋಡಿ ಸಿಗುತ್ತದೆ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಎಸ್‌ಎಸ್‌ಪಿ ವೆಬ್‌ಸೈಟಿನಲ್ಲಿ ವಿದ್ಯಾರ್ಥಿವೇತನಕ್ಕೆ ಅವೇ ಬೇಕು. ಊರು ದೂರ ಆದರೆ ಸಮಾಜ ಕಲ್ಯಾಣ ಇಲಾಖೆ ಅಥವಾ ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್‌ಗೂ ಅರ್ಜಿ ಹಾಕಿ.

ಇನ್ನೊಂದು ಮಾತು. ಅವನಿಗೆ ವೆಲ್ಡಿಂಗ್ ಇಷ್ಟ, ಗೊತ್ತು. ಆದರೂ ಫಿಟ್ಟರ್ ಟ್ರೇಡ್, ಅಂದರೆ ಲೋಹದ ಭಾಗಗಳನ್ನು ಅಳತೆಗೆ ಮಾಡಿ ಜೋಡಿಸುವ ಕೋರ್ಸ್, ಯೋಚನೆ ಮಾಡಿ. ವೆಲ್ಡರ್ ಒಂದು ವರ್ಷದ ಕೋರ್ಸ್, ಎಂಟನೇ ತರಗತಿ ಪಾಸಾದರೂ ಸೇರಬಹುದು. ಫಿಟ್ಟರ್ ಎರಡು ವರ್ಷ, ಹತ್ತನೇ ತರಗತಿ ಬೇಕು. ಈಗ ಅವನಿಗೆ 16. ವೆಲ್ಡರ್ ಮುಗಿಸಿದಾಗ 17 ಆಗಿರುತ್ತದೆ. ಒಳ್ಳೆಯ ಕಾರ್ಖಾನೆಗಳು 18 ತುಂಬದವರನ್ನು ಶಾಪ್ (ಕೆಲಸದ ಶೆಡ್) ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಂದು ವರ್ಷ ಮನೆಯಲ್ಲಿ ಕೂರಬೇಕು, ಇಲ್ಲ ಯಾವುದೋ ಶೆಡ್‌ನಲ್ಲಿ ಕಡಿಮೆ ಕೂಲಿಗೆ ದುಡಿಯಬೇಕು. ಫಿಟ್ಟರ್ ಮುಗಿಸಿದರೆ ಸರಿಯಾಗಿ 18. ಫಿಟ್ಟರ್ ಟ್ರೇಡ್‌ನಲ್ಲಿ ಅರ ಹಾಕುವುದು, ಡ್ರಿಲ್ಲಿಂಗ್, ಡ್ರಾಯಿಂಗ್ ಓದುವುದರ ಜೊತೆ ವೆಲ್ಡಿಂಗ್, ಗ್ಯಾಸ್ ಕಟಿಂಗ್, ಸ್ವಲ್ಪ ಲೇತ್ (ಲೋಹ ತಿರುಗಿಸಿ ಕಡೆಯುವ ಯಂತ್ರ) ಕೂಡ ಇದೆ. ಎರಡು ವರ್ಷದ ಐಟಿಐ ಮಾಡಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ರೈಲ್ವೆ ಅಸಿಸ್ಟೆಂಟ್ ಲೋಕೋ ಪೈಲಟ್ ಕೆಲಸಕ್ಕೂ ಫಿಟ್ಟರ್ ಟ್ರೇಡ್ ನಡೆಯುತ್ತದೆ.

ಪ್ರಶ್ನೆ (ಅದೇ ತಂಗಿ): ಸರ್, ತುಂಬಾ ಉಪಕಾರ. ಆದರೆ ಸರ್ಕಾರಿ ಐಟಿಐಯಲ್ಲಿ ಪಾಠ ಸರಿಯಾಗಿ ನಡೆಯಲ್ಲ ಅನ್ನುತ್ತಾರೆ. ಚೆನ್ನಾಗಿದೆಯೋ ಇಲ್ಲವೋ ಅಂತ ನನ್ನಂಥವಳಿಗೆ ಹೇಗೆ ತಿಳಿಯಬೇಕು? ನನಗೆ ಮಷಿನ್ ಒಂದೂ ಗೊತ್ತಿಲ್ಲ.

ಉತ್ತರ: ಗೊತ್ತಿರಬೇಕಿಲ್ಲ. ಕಣ್ಣಿದ್ದರೆ ಸಾಕು. ವಾರದ ಮಧ್ಯೆ ಒಂದು ದಿನ, ಬೆಳಗ್ಗೆ 11ರ ಹೊತ್ತಿಗೆ, ಹೇಳದೆ ಹೋಗಿ. ತಮ್ಮನನ್ನು ಸೇರಿಸಬೇಕು, ಶಾಪ್ ನೋಡುತ್ತೇವೆ ಅನ್ನಿ. ಒಳ್ಳೆಯ ಸರ್ ಇದ್ದರೆ ಖುಷಿಯಿಂದ ತೋರಿಸುತ್ತಾರೆ.

ವೆಲ್ಡಿಂಗ್ ಶಾಪ್‌ನಲ್ಲಿ ಮೊದಲು ನೆಲ ನೋಡಿ. ಉರಿದು ಉಳಿದ ರಾಡ್ ತುಂಡುಗಳನ್ನು ಹಾಕುವ ಡಬ್ಬಿ ಎಲ್ಲಿದೆ? ಅದು ತುಂಬಿದೆಯಾ? ತುಂಡುಗಳು ಹೆಬ್ಬೆರಳಿನಷ್ಟು ಚಿಕ್ಕವಾ, ಅರ್ಧರ್ಧ ಉದ್ದವಾ? ಚಿಕ್ಕವಾದರೆ ಕೊನೆಯವರೆಗೆ ಹಿಡಿದು ಉರಿಸಲು ಕಲಿಸುತ್ತಿದ್ದಾರೆ ಅಂತ ಅರ್ಥ. ಆಮೇಲೆ ಹುಡುಗರು ಮಾಡಿದ ಜಾಬ್, ಅಂದರೆ ಅಭ್ಯಾಸದ ತುಂಡು, ತೋರಿಸಿ ಅಂತ ಕೇಳಿ. ತುಕ್ಕು ಹಿಡಿದ ನಾಲ್ಕು ಪೀಸ್ ಗಾಜಿನ ಕಪಾಟಿನಲ್ಲಿದ್ದರೆ ಅದು ಲೆಕ್ಕಕ್ಕಿಲ್ಲ. ಈ ವಾರದ ಪ್ಲೇಟ್, ಇನ್ನೂ ಸ್ಲ್ಯಾಗ್ (ವೆಲ್ಡ್ ಮೇಲೆ ಕೂರುವ ಕಿಟ್ಟ) ವಾಸನೆ ಬರುವಂಥದ್ದು, ಬೇಕು.

ಫಿಟ್ಟರ್ ಶಾಪ್‌ನಲ್ಲಿ ವೈಸ್, ಅಂದರೆ ಮೇಜಿಗೆ ಕೂರಿಸಿದ, ತುಂಡನ್ನು ಬಿಗಿದು ಹಿಡಿಯುವ ಇಕ್ಕಳ, ಎಣಿಸಿ. ಒಂದು ಬ್ಯಾಚ್‌ಗೆ 20 ಹುಡುಗರು. ವೈಸ್ ಎಂಟೇ ಇದ್ದರೆ ಹನ್ನೆರಡು ಜನ ನಿಂತು ನೋಡುತ್ತಿರುತ್ತಾರೆ. ಮೊದಲ ತಿಂಗಳುಗಳಲ್ಲಿ ಒಂದು ಎಂ.ಎಸ್. (ಮೆದು ಉಕ್ಕಿನ) ತುಂಡನ್ನು ಅರ ಹಾಕಿ ಹಾಕಿ ಚಪ್ಪಟೆ ಮಾಡಿ, ಮೂಲೆಮಟ್ಟ ಹಿಡಿದು ಬೆಳಕು ಕಾಣುತ್ತದಾ ನೋಡಿ, ಮತ್ತೆ ಅರ ಹಾಕುವುದೇ ಕೆಲಸ. ಅಂಗೈಯಲ್ಲಿ ಬೊಬ್ಬೆ ಬರುತ್ತದೆ. ಹುಡುಗರಿಗೆ ಇದು ಬೇಜಾರು. ಆದರೆ ಕೈ ಸ್ಥಿರವಾಗುವುದು ಇದರಿಂದಲೇ. ಅಲ್ಲಿನ ಹುಡುಗನೊಬ್ಬನ ಅಂಗೈ ನೋಡಿದರೂ ಪಾಠ ನಡೆಯುತ್ತಿದೆಯಾ ಅಂತ ತಿಳಿಯುತ್ತದೆ.

ಲೇತ್ ಹಳೆಯದು ಅಂತ ಬಿಟ್ಟುಬಿಡಬೇಡಿ. ಎಚ್‌ಎಂಟಿ ಲೇತ್, ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಎಷ್ಟೋ ಕಡೆ ಇವತ್ತಿಗೂ ಚೆನ್ನಾಗಿ ಓಡುತ್ತಿವೆ. ಹಳೆಯ ಲೇತ್ ಕೆಳಗಿನ ಟ್ರೇಯಲ್ಲಿ ಹೊಸ ಚಿಪ್ಸ್ ಬಿದ್ದಿದ್ದರೆ, ಅದು ಪ್ಲಾಸ್ಟಿಕ್ ಹೊದ್ದು ಮಲಗಿರುವ ಹೊಸ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಯಂತ್ರಕ್ಕಿಂತ ಎಷ್ಟೋ ಮೇಲು. ಹಾಗಂತ ಹೊಸದು ಬೇಡ ಅಂತಲ್ಲ. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆಗಿನ ಯೋಜನೆಯಲ್ಲಿ ಹೊಸ ಯಂತ್ರಗಳು ಬಂದಿವೆ. ನೀವು ನೋಡುವ ಐಟಿಐ ಆ ಪಟ್ಟಿಯಲ್ಲಿದೆಯಾ, ಆ ಯಂತ್ರಗಳನ್ನು ಹುಡುಗರು ಮುಟ್ಟುತ್ತಾರಾ, ಎರಡನ್ನೂ ಕೇಳಿ.

ಕೊನೆಗೆ ಗೇಟ್ ಹೊರಗೆ ಟೀ ಅಂಗಡಿಯಲ್ಲಿ ಎರಡನೇ ವರ್ಷದ ಹುಡುಗರನ್ನು ಮಾತಾಡಿಸಿ. ಸರ್ ಇದ್ದಾರಾ, ಪೋಸ್ಟ್ ಖಾಲಿ ಇದೆಯಾ ಅನ್ನುವುದು ಅವರಿಗೆ ಗೊತ್ತು. ಸರ್ ಇಲ್ಲದ ಟ್ರೇಡ್‌ಗೆ ಮಾತ್ರ ಸೇರಿಸಬೇಡಿ, ಪಕ್ಕದ ತಾಲೂಕಿಗೆ ಹೋಗಬೇಕಾದರೂ ಪರವಾಗಿಲ್ಲ.

ಖಾಸಗಿ ಐಟಿಐಯಲ್ಲೂ ಒಳ್ಳೆಯವು ಇವೆ. ಅಲ್ಲಿ ಒಂದು ಮಾತ್ರ ಬಾಯಿಮಾತಿನಲ್ಲಿ ನಂಬಬೇಡಿ: ಐಟಿಐ ಟ್ರೇಡ್‌ಗೆ ಕೇಂದ್ರ ಸರ್ಕಾರದ ಮಾನ್ಯತೆ (ಹಿಂದೆ ಎನ್‌ಸಿವಿಟಿ ಮಾನ್ಯತೆ ಅನ್ನುತ್ತಿದ್ದರು). ಸಂಸ್ಥೆಗೆ ಇದ್ದರೆ ಸಾಲದು, ನಿಮ್ಮ ತಮ್ಮ ಸೇರುವ ಟ್ರೇಡ್‌ಗೂ ಇರಬೇಕು. ಬೋರ್ಡ್‌ನಲ್ಲಿ ಐದು ಟ್ರೇಡ್ ಬರೆದು ಮೂರಕ್ಕೆ ಮಾತ್ರ ಮಾನ್ಯತೆ ಇರುವುದನ್ನು ನೋಡಿದ್ದೇನೆ. ಮನೆಗೆ ಬಂದವರ 6 ತಿಂಗಳ ಕೋರ್ಸ್ ಐಟಿಐ ಅಲ್ಲವೇ ಅಲ್ಲ. ಐಟಿಐ ವೆಲ್ಡರ್ ಒಂದು ವರ್ಷದ್ದು.

ಇನ್ನೊಬ್ಬ ಸದಸ್ಯರು: ಅಣ್ಣಾ, ಇಷ್ಟೆಲ್ಲ ಯಾಕೆ? ನಾನು ಹದಿನೈದನೇ ವಯಸ್ಸಿಗೆ ಗ್ರಿಲ್ ಅಂಗಡಿ ಸೇರಿದವನು. ದುಡ್ಡು ತಗೊಂಡೇ ಕಲಿತೆ. ಇವತ್ತು ಮೂರು ಜನ ನನ್ನ ಕೈಕೆಳಗೆ ಇದ್ದಾರೆ.

ಉತ್ತರ: ನಿಮ್ಮ ಕೈಕೆಲಸಕ್ಕೆ ನನ್ನ ನಮಸ್ಕಾರ ತಮ್ಮಾ. ಅಂಗಡಿಯಲ್ಲಿ ಬರುವ ವೇಗ ಐಟಿಐಯಲ್ಲಿ ಬರಲ್ಲ, ನಿಜ. ಆದರೆ ನಮ್ಮ ಶೆಡ್‌ಗೆ ಡ್ರಾಯಿಂಗ್ ಬಂದಾಗ, ವೆಲ್ಡ್ ಗುರುತು ನೋಡಿ ಎಷ್ಟು ಎಂಎಂ, ಯಾವ ಪಕ್ಕ ಅಂತ ಹೇಳುವವನು ಬೇಕು. ಅಂಗಡಿಯಲ್ಲಿ ಕಲಿತ ಒಳ್ಳೊಳ್ಳೆ ಕೈಗಳು ಅಲ್ಲಿಗೆ ನಿಂತುಬಿಡುತ್ತವೆ. ಅದು ಅವರ ತಪ್ಪಲ್ಲ, ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ. ಕಣ್ಣಿನ ವಿಷಯ ಇನ್ನೂ ದೊಡ್ಡದು. ಎಷ್ಟೋ ಅಂಗಡಿಗಳಲ್ಲಿ ಹುಡುಗರು ಬರೀ ಕೂಲಿಂಗ್ ಗ್ಲಾಸ್ ಹಾಕಿ ಟ್ಯಾಕ್ (ತುಂಡುಗಳನ್ನು ಹಿಡಿಸುವ ಸಣ್ಣ ವೆಲ್ಡ್) ಹಾಕುತ್ತಾರೆ. ರಾತ್ರಿ ಕಣ್ಣಲ್ಲಿ ಮರಳು ಬಿದ್ದ ಹಾಗೆ ಉರಿ, ಆಲೂಗಡ್ಡೆ ಹೋಳು ಇಟ್ಟುಕೊಂಡು ಮಲಗುತ್ತಾರೆ. ಆರ್ಕ್ ವೆಲ್ಡಿಂಗ್‌ಗೆ 10 ಅಥವಾ 11ನೇ ನಂಬರಿನ ಕಪ್ಪು ಗಾಜು ಬೇಕೇ ಬೇಕು. ನೀವೂ ನಿಮ್ಮ ಮೂವರಿಗೆ ಕೊಡಿಸಿ, ದಯವಿಟ್ಟು.

ಪ್ರಶ್ನೆ (ಬೆಳಗಾವಿಯಿಂದ): ಸರ್, ನನಗೆ 33. ಫೌಂಡ್ರಿ ಪಕ್ಕದ ಫ್ಯಾಬ್ರಿಕೇಶನ್ ಶಾಪ್‌ನಲ್ಲಿ 9 ವರ್ಷದಿಂದ ವೆಲ್ಡರ್. ಕಾಗದ ಒಂದೂ ಇಲ್ಲ. ಈಗ ಐಟಿಐ ಸೇರೋಕಾಗುತ್ತಾ? ಗಲ್ಫ್‌ಗೆ ಹೋಗೋ ಆಸೆ.

ಉತ್ತರ: ವಯಸ್ಸು ಅಡ್ಡ ಬರಲ್ಲ. ಐಟಿಐಗೆ ಕನಿಷ್ಠ 14 ವರ್ಷ ಅಂತ ಇದೆ, ಮೇಲಿನ ಮಿತಿ ಇಲ್ಲ. ಆದರೆ ಸಂಸಾರ ಬಿಟ್ಟು ಒಂದು ವರ್ಷ ಕೂರುವುದು ಕಷ್ಟ ಅಲ್ವಾ? ಅನುಭವ ಇರುವವರು ಖಾಸಗಿ ಅಭ್ಯರ್ಥಿಯಾಗಿ ಟ್ರೇಡ್ ಪರೀಕ್ಷೆ ಬರೆಯಲು ಅವಕಾಶ ಇದೆ. ಹತ್ತಿರದ ಸರ್ಕಾರಿ ಐಟಿಐಯಲ್ಲಿ ಕೇಳಿ. ಮಾಲೀಕರಿಂದ ಅನುಭವ ಪತ್ರ ಲೆಟರ್‌ಹೆಡ್‌ನಲ್ಲಿ ಈಗಲೇ ಬರೆಸಿಕೊಳ್ಳಿ.

ಗಲ್ಫ್‌ನಲ್ಲಿ ಪೈಪ್ ಕೆಲಸಕ್ಕೆ 6ಜಿ ಟೆಸ್ಟ್ ಕೇಳುತ್ತಾರೆ. ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದಿರುತ್ತಾರೆ, ಅದನ್ನು ತಿರುಗಿಸುವ ಹಾಗಿಲ್ಲ. ನೀವೇ ಸುತ್ತ ಬಾಗಿ, ಬಗ್ಗಿ ವೆಲ್ಡ್ ಮಾಡಬೇಕು. ಒಳಗಿನ ರೂಟ್, ಅಂದರೆ ಮೊದಲ ಪದರ, ಟಿಗ್‌ನಲ್ಲಿ (ಆರ್ಗಾನ್ ಗ್ಯಾಸ್ ಬಳಸುವ ವೆಲ್ಡಿಂಗ್), ಮೇಲೆ ರಾಡ್‌ನಲ್ಲಿ ಅಂತ ಕೇಳುವುದು ಜಾಸ್ತಿ. ನಿಮ್ಮ 9 ವರ್ಷದ ಕೈಗೆ ಬೇಕಿರುವುದು ಟಿಗ್ ಮತ್ತು ಪೈಪ್ ಅಭ್ಯಾಸ ಮಾತ್ರ. ಕರ್ನಾಟಕ ಜರ್ಮನ್ ತಾಂತ್ರಿಕ ತರಬೇತಿ ಸಂಸ್ಥೆಯಲ್ಲಿ ಚಿಕ್ಕ ಅವಧಿಯ ಕೋರ್ಸ್‌ಗಳಿವೆ, ವಿಚಾರಿಸಿ. ತಿರುಚಿರಾಪಳ್ಳಿಯ ಬಿಎಚ್‌ಇಎಲ್‌ನ ವೆಲ್ಡಿಂಗ್ ಸಂಶೋಧನಾ ಸಂಸ್ಥೆಯಲ್ಲೂ ವೆಲ್ಡರ್ ತರಬೇತಿ ಇದೆ, ಆ ಹೆಸರಿಗೆ ಒಳ್ಳೆಯ ಬೆಲೆ ಇದೆ. ಮೊದಲೇ ವೀಸಾಕ್ಕೆ ದುಡ್ಡು ಕೇಳುವ ಏಜೆಂಟ್‌ಗಿಂತ ಮೊದಲು ನಿಮ್ಮ ಟೆಸ್ಟ್ ಪಾಸಾಗಲಿ.

ಪ್ರಶ್ನೆ (ತುಮಕೂರಿನಿಂದ): ನಮ್ಮ ಮಗಳು 81 ಪರ್ಸೆಂಟ್ ತೆಗೆದಿದ್ದಾಳೆ. ಟೂಲ್ ಅಂಡ್ ಡೈ (ಕಾರ್ಖಾನೆಯ ಅಚ್ಚು, ಉಪಕರಣ ಮಾಡುವುದು) ಕಲಿಯುತ್ತೇನೆ ಅನ್ನುತ್ತಾಳೆ. ಹೆಣ್ಣುಮಕ್ಕಳಿಗೆ ಆಗುತ್ತಾ? ಐಟಿಐ ಒಳ್ಳೆಯದಾ, ಜಿಟಿಟಿಸಿ ಒಳ್ಳೆಯದಾ?

ಉತ್ತರ: ಖಂಡಿತ ಆಗುತ್ತದೆ ಅಕ್ಕ. ಇದು ತೋಳುಬಲದ ಕೆಲಸ ಅಲ್ಲ. ಮೈಕ್ರೋಮೀಟರ್‌ನಲ್ಲಿ ಒಂದು ಗೆರೆ ಅಂದರೆ 0.01 ಎಂಎಂ. ಆ ಒಂದು ಗೆರೆಗೆ ತಾಳ್ಮೆ ಇರುವವರೇ ಒಳ್ಳೆಯ ಟೂಲ್ ಮೇಕರ್ ಆಗುತ್ತಾರೆ. ನನ್ನ ಹತ್ತಿರ ಕಲಿತವರಲ್ಲಿ ಅಳತೆ ತಪ್ಪದೆ ಜಾಬ್ ಕೊಟ್ಟವರು ಇಬ್ಬರು ಹುಡುಗಿಯರು.

81 ಪರ್ಸೆಂಟ್ ಇದ್ದರೆ ಜಿಟಿಟಿಸಿಗೆ ಅರ್ಜಿ ಹಾಕಿ. ಅದು ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, 1972ರಲ್ಲಿ ಡೆನ್ಮಾರ್ಕ್ ಸಹಾಯದಿಂದ ಬೆಂಗಳೂರಿನಲ್ಲಿ ಶುರುವಾಯಿತು. ಈಗ ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಅಂತ ರಾಜ್ಯದ ಹಲವು ಕಡೆ ಕೇಂದ್ರಗಳಿವೆ. ಟೂಲ್ ಅಂಡ್ ಡೈ ಡಿಪ್ಲೊಮಾ ಮೂರು ವರ್ಷ, ಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಫೀಸ್ ಐಟಿಐಗಿಂತ ಜಾಸ್ತಿ. ಆದರೆ ಅಲ್ಲಿ ಕಂಪನಿಗಳ ನಿಜವಾದ ಆರ್ಡರ್ ಕೆಲಸವೂ ನಡೆಯುತ್ತದೆ, ಮಕ್ಕಳು ಅದರ ನಡುವೆಯೇ ಬೆಳೆಯುತ್ತಾರೆ. ಮನೆಯಲ್ಲಿ ತೀರಾ ಕಷ್ಟ ಇದ್ದರೆ ಬಿಡದಿಯ ಟೊಯೋಟ ತರಬೇತಿ ಸಂಸ್ಥೆಯನ್ನೂ ವಿಚಾರಿಸಿ. 2007ರಿಂದ ಗ್ರಾಮೀಣ ಬಡ ಮಕ್ಕಳಿಗೆ ಅಲ್ಲೇ ಉಳಿಸಿಕೊಂಡು ಕಲಿಸುತ್ತಿದ್ದಾರೆ. ಪೈಪೋಟಿ ಮಾತ್ರ ಜೋರು.

ಪ್ರಶ್ನೆ (ಹಾವೇರಿಯ ತಂಗಿ, ಒಂದು ವಾರದ ನಂತರ): ಸರ್, ಅಡ್ವಾನ್ಸ್ ಕಟ್ಟಲಿಲ್ಲ. ತಮ್ಮನ ಜೊತೆ ಎರಡು ಐಟಿಐ ನೋಡಿ ಬಂದೆ. ಒಂದರಲ್ಲಿ ಶಾಪ್ ಬೀಗ ಹಾಕಿತ್ತು. ಇನ್ನೊಂದರಲ್ಲಿ ರಾಡ್ ತುಂಡಿನ ಡಬ್ಬಿ ತುಂಬಿ ಪಕ್ಕದಲ್ಲಿ ಇನ್ನೊಂದು ಇಟ್ಟಿದ್ದರು. ಸರ್ ತಮ್ಮನ ಕೈಗೆ ಅರ ಕೊಟ್ಟು ಹತ್ತು ನಿಮಿಷ ಹಾಕಿಸಿದರು. ಫಿಟ್ಟರ್‌ಗೇ ಸೇರುತ್ತೇನೆ ಅಂದ. ಮನೆಯಿಂದ 28 ಕಿಲೋಮೀಟರ್. ಅರ್ಜಿಯಲ್ಲಿ ಏನು ಮೊದಲು ಹಾಕಲಿ?

ಉತ್ತರ: ತುಂಬಾ ಸಂತೋಷ ಆಯಿತು ತಂಗಿ. ಆ ಎರಡನೇ ಐಟಿಐಯ ಫಿಟ್ಟರ್ ಮೊದಲನೇ ಆಯ್ಕೆ, ಅಲ್ಲಿಯದೇ ಟರ್ನರ್ (ಲೇತ್ ಕೆಲಸದ ಟ್ರೇಡ್) ಎರಡನೆಯದು, ವೆಲ್ಡರ್ ಮೂರನೆಯದು. ಮೊದಲ ಸುತ್ತಿನಲ್ಲಿ ಸೀಟು ಬರದಿದ್ದರೆ ಗಾಬರಿ ಆಗಬೇಡಿ, ಮುಂದಿನ ಸುತ್ತುಗಳಲ್ಲಿ ಬರುವುದುಂಟು. ದಿನಾ ಫೋನಿನಲ್ಲಿ ಮೆಸೇಜ್ ನೋಡುತ್ತಿರಿ, ತಾರೀಕು ತಪ್ಪಿದರೆ ಸೀಟು ಹೋಗುತ್ತದೆ. ಬಸ್ ಪಾಸ್‌ಗೆ ಸೇರಿದ ವಾರವೇ ಅರ್ಜಿ ಹಾಕಿಸಿ.

ಉಳಿದ ದುಡ್ಡಿನಲ್ಲಿ ಮೊದಲು ಒಂದು ಜೊತೆ ಸೇಫ್ಟಿ ಶೂ ಕೊಡಿಸಿ. ಶಾಪ್ ಬಟ್ಟೆ ಕಾಟನ್‌ದೇ ಇರಲಿ. ಪಾಲಿಸ್ಟರ್ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಐಟಿಐ ಮುಗಿಯುವ ಹೊತ್ತಿಗೆ ಅಪ್ರೆಂಟಿಸ್ ವಿಷಯ ಕೇಳಲು ಇಲ್ಲಿಗೇ ಬನ್ನಿ. ಎಚ್‌ಎಎಲ್, ಬಿಇಎಂಎಲ್, ಯಲಹಂಕದ ರೈಲು ಗಾಲಿ ಕಾರ್ಖಾನೆ ಎಲ್ಲ ಕಡೆ ಐಟಿಐ ಮಾಡಿದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತಾರೆ, ತಿಂಗಳಿಗೆ ಸ್ಟೈಪೆಂಡ್ ಕೊಡುತ್ತಾರೆ. ಅರ್ಜಿ ಹೇಗೆ ಹಾಕುವುದು ಅಂತ ಆಗ ಕೂತು ಬರೆದುಕೊಡುತ್ತೇನೆ.